ಕೊನೆಯ ಪಂಕ್ತಿಯ ಊಟ

ನಮ್ಮ ಕರಾವಳಿಯಲ್ಲಿ ಚಳಿಗಾಲ ಬಂದದ್ದು ಎಲ್ಲರಿಗಿಂತ ಮೊದಲು ಗೊತ್ತಾಗುವುದು ತೆಂಗಿನೆಣ್ಣೆಗೆ. ವರ್ಷದ ಉಳಿದ ದಿನಗಳಲ್ಲೆಲ್ಲ ತಿಳಿನೀರಿನ ಹಾಗೆ ಕರೆದ ಕಡೆಗೆ ಹರಿದುಬರುವ ಆ ಸಾಧು ಪದಾರ್ಥ, ಡಿಸೆಂಬರಿನ ಯಾವುದೋ ಒಂದು ಬೆಳಿಗ್ಗೆ ಯಾರಿಗೂ ಹೇಳದೆ ಕೇಳದೆ ಬೆಳ್ಳಗೆ ಗಟ್ಟಿಯಾಗಿ, ಬಾಟಲಿಯನ್ನು ತಲೆಕೆಳಗು ಮಾಡಿ ಜಪ್ಪಯ್ಯ ಎಂದರೂ ಹೊರಗೆ ಬಾರದೆ ಮುನಿಸಿಕೊಂಡು ಕೂತಿರುತ್ತದೆ. ಆಗ ನಮ್ಮ ಮನೆಯಲ್ಲಿ ಅದನ್ನು ಅಂಗಳದ ಬಿಸಿಲಿಗೆ ಇಡುತ್ತಾರೆ; ಬಿಸಿಲಿನ್ನೂ ಬಾರದಿದ್ದರೆ ಒಲೆಯ ಬದಿಗೆ. ಹೊತ್ತು ತುಸು ಏರುವಷ್ಟರಲ್ಲಿ ಅಂಚಿನಿಂದ ಒಳಗೊಳಗೇ ಎಣ್ಣೆ ಸಡಿಲಾಗುತ್ತದೆ, ನಡುವೆ ಒಂದು ಬಿಳಿಯ ತುಂಡು ಕಾರವಾರದ ಕಡಲಿನ ನಡುಗಡ್ಡೆಯ ಹಾಗೆ ತೇಲುತ್ತದೆ, ಆಮೇಲೆ ಅದೂ ಕರಗುತ್ತದೆ. ಅದರೊಂದಿಗೆ ನಮ್ಮ ಆ ದಿನದ ಚಳಿಗಾಲವೂ ಮುಗಿಯುತ್ತದೆ. ಇದಕ್ಕಿಂತ ದೊಡ್ಡ ಚಳಿಯನ್ನು ನಮ್ಮ ಊರು ಹಾರವಾಡ ಕಂಡದ್ದಿಲ್ಲ.

ಆದರೂ ಚಳಿಗಾಲದ ರಜೆ ಎಂಬುದೊಂದು ನಮಗೂ ಇದೆ. ಅಂಕೋಲೆಯ ಸ್ಟೇಷನ್ನಿನಲ್ಲಿ ಮುಂಬೈ ಕಡೆಯ ರೈಲುಗಳು ನೆಂಟರನ್ನೂ ನೆಂಟರಿಗಿಂತ ದೊಡ್ಡ ಚೀಲಗಳನ್ನೂ ಇಳಿಸಿ ಹೋಗುವ ಕಾಲ ಅದು. ಗೋವೆಯ ದಾರಿ ಹಿಡಿದ ಕಾರುಗಳು ಹೆದ್ದಾರಿಯನ್ನು ತುಂಬಿ ನಮ್ಮ ಬಸ್ಸನ್ನು ಆಮೆಯಾಗಿಸುವ ಕಾಲ. ಬಿಣಗಾದಲ್ಲಿ ನಾನು ಬಾಡಿಗೆಗಿರುವ ಕೋಣೆಯ ಮಾಲಕಿ ಕಿಟಕಿಗೆ ಕಾಗದದ ನಕ್ಷತ್ರ ಕಟ್ಟಿ, ಕ್ರಿಸ್‌ಮಸ್ಸಿಗೆಂದು ಕಾಯಿ ಸಕ್ಕರೆಯ ನೇವರಿ, ಅಂದರೆ ಕರ್ಜಿಕಾಯಿ, ಕರಿದು, ಒಂದು ಡಬ್ಬಿ ನನ್ನ ಕೈಗೂ ಕೊಟ್ಟು ಕಳಿಸುವ ಕಾಲ. ಕಾರವಾರದ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ನಾನು ಆ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಊರಿನ ಬಸ್ಸು ಹತ್ತುತ್ತೇನೆ. ಬಸ್ಸಿನಲ್ಲಿ ಫೋನು ತೆರೆದರೆ ಅಲ್ಲಿ ಹಿತವಚನಗಳ ಸುಗ್ಗಿ ನಡೆದಿರುತ್ತದೆ. ರಜೆಯಲ್ಲಿ ನಿಮ್ಮ ಆರೋಗ್ಯ ನೋಡಿಕೊಳ್ಳಿ; ನಿಮಗೆಂದು ಸ್ವಲ್ಪ ಹೊತ್ತು ಮೀಸಲಿಡಿ; ಬೇಡವೆನ್ನಲು ಕಲಿಯಿರಿ; ಹಿತಮಿತವಾಗಿ ಉಣ್ಣಿ; ಚೆನ್ನಾಗಿ ನಿದ್ರಿಸಿ. ಇವುಗಳಲ್ಲಿ ಒಂದನ್ನೂ ನಾನು ಅಲ್ಲಗಳೆಯಲಾರೆ. ಆದರೆ ಓದುತ್ತ ಓದುತ್ತ ನನಗೆ ಅನ್ನಿಸುವುದಿಷ್ಟು: ಇವನ್ನೆಲ್ಲ ಬರೆಯುವವರ ಕಣ್ಣಮುಂದೆ ಇರುವುದು ಉಣ್ಣಲು ಕೂತವರು, ಬಡಿಸಲು ನಿಂತವರಲ್ಲ. ಹಿತವಾಗಿ ಉಣ್ಣಿ ಎಂದು ಬರೆಯುತ್ತಾರೆಯೇ ಹೊರತು ಹೊತ್ತಿಗೆ ಸರಿಯಾಗಿ ಉಣ್ಣಲು ನಿಮ್ಮನ್ನು ಯಾರಾದರೂ ಬಿಡುತ್ತಾರೆಯೇ ಎಂದು ಕೇಳುವವರನ್ನು ನಾನು ಕಾಣೆ.

ನಮ್ಮ ಮನೆ ಹಾರವಾಡದ ಕಡಲ ದಂಡೆಗೆ ಹತ್ತಿರ. ಅಪ್ಪ ಈಗಲೂ ತನ್ನ ಸಣ್ಣ ದೋಣಿಯಲ್ಲಿ ಮೀನಿಗೆ ಹೋಗುತ್ತಾನೆ. ಅಮ್ಮ, ನಾವು ಕರೆಯುವ ಹಾಗೆ ಹೇಳುವುದಾದರೆ ಆಯಿ, ಮದುವೆಯಾಗಿ ಈ ಮನೆಗೆ ಬಂದಂದಿನಿಂದ ಆ ಮೀನನ್ನು ಮಾರಿ, ಮಾರಿ ಉಳಿದದ್ದನ್ನು ಬೇಯಿಸಿ, ಬೇಯಿಸಿದ್ದನ್ನು ಊರಿಗೆಲ್ಲ ಬಡಿಸಿ ಬಾಳಿದವಳು. ಡಿಸೆಂಬರಿನ ಕೊನೆಯ ವಾರ ಈ ಮನೆಗೆ ಅಪ್ಪನ ತಂಗಿ ಸುಮತಿ ಅತ್ತೆ ಮುಂಬೈಯಿಂದ ಬರುತ್ತಾಳೆ. ಜೊತೆಗೆ ಮಾವ, ಮಕ್ಕಳು, ಮಕ್ಕಳ ಗೆಳೆಯರು, ಕೆಲವೊಮ್ಮೆ ನಮಗೆ ಸಂಬಂಧ ಬಿಡಿಸಿ ಹೇಳಲು ಬಾರದ ಇನ್ನೂ ಒಂದಿಬ್ಬರು. ಮನೆ ತುಂಬಿ ಜಗಲಿಗೆ ಚೆಲ್ಲುತ್ತದೆ. ಅತ್ತೆಯ ನಗು ಎಷ್ಟು ದೊಡ್ಡದೆಂದರೆ ದಂಡೆಯಲ್ಲಿ ಬಲೆ ಬಿಡಿಸುವವರು ತಲೆಯೆತ್ತದೆ, ‘ಸುಮತಿ ಬಂತು’ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ.

ನಾನು ಅಂಥ ಗುಂಪಿನ ಮನುಷ್ಯಳಲ್ಲ. ನೆಂಟರನ್ನು ಪ್ರೀತಿಸುತ್ತೇನೆ, ಆದರೆ ಒಬ್ಬೊಬ್ಬರನ್ನಾಗಿ. ಎಲ್ಲರೂ ಒಟ್ಟಿಗೇ ಮಾತಾಡತೊಡಗಿದರೆ ನನ್ನ ಒಳಗೆ ಯಾವುದೋ ಬಾಗಿಲು ಮೆಲ್ಲಗೆ ಮುಚ್ಚಿಕೊಳ್ಳುತ್ತದೆ. ಹೀಗಾಗಿ ನನ್ನ ಮಟ್ಟಿಗೆ ರಜೆಯ ಆರೈಕೆ ಎಂದರೆ ಬೆಳಗಿನ ಒಂದು ನಡಿಗೆ. ಘಟ್ಟದ ಕಡೆಯಿಂದ ಇಳಿದು ಬರುವ ಒಣ ತಂಗಾಳಿ ಬೆನ್ನಿಗೆ ತಾಗುತ್ತಿರುವಾಗ, ಗಾಳಿಮರಗಳ ಸಾಲು ದಾಟಿ, ಮರಳಿನ ಮೇಲೆ ಎಳೆದಿಟ್ಟ ದೋಣಿಗಳ ಪಕ್ಕದಲ್ಲಿ ಯಾರೊಂದಿಗೂ ಮಾತಿಲ್ಲದೆ ನಡೆದು ಬಂದರೆ, ಇಡೀ ದಿನದ ಗದ್ದಲವನ್ನು ಹೊರುವಷ್ಟು ಮೌನ ನನ್ನಲ್ಲಿ ತುಂಬಿಕೊಂಡಿರುತ್ತದೆ. ಈ ನಡಿಗೆಗೆ ನಾನು ಋಣಿ. ಆದರೆ ನಡೆದು ತಿರುಗಿ ಬರುವಾಗ ಅಡುಗೆಮನೆಯ ಹೊಗೆ ಕಾಣುತ್ತದೆ, ಮತ್ತು ನಾನು ಈ ಮೌನವನ್ನು ಹೀರಿಕೊಂಡದ್ದು ಇನ್ನೊಬ್ಬಳು ಒಲೆಯ ಮುಂದೆ ನಿಂತದ್ದರಿಂದ ಎಂಬುದು ನೆನಪಾಗುತ್ತದೆ.

ನಮ್ಮ ಕಡೆ ಕುಶಲ ಕೇಳುವ ಮಾತು ‘ಆರಾಮಾ?’. ಉತ್ತರವೂ ‘ಆರಾಮ’. ಕೇಳಿದ್ದೂ ಹೇಳಿದ್ದೂ ಒಂದೇ ಶಬ್ದವಾದ್ದರಿಂದ, ಉತ್ತರ ಬಂತೋ ಪ್ರಶ್ನೆಯೇ ಗೋಡೆಗೆ ತಾಗಿ ತಿರುಗಿ ಬಂತೋ ಗೊತ್ತಾಗುವುದಿಲ್ಲ. ಆಯಿಯ ಉತ್ತರವಂತೂ ಪ್ರಶ್ನೆ ಮುಗಿಯುವ ಮೊದಲೇ ಬಂದುಬಿಡುತ್ತದೆ. ಅವಳಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾಗಿ ಕೆಲವು ವರ್ಷಗಳಾದವು. ಆಗಲೂ ಅವಳು ಆರಾಮವಾಗಿಯೇ ಇದ್ದಳು. ಊಟಕ್ಕೆ ಸ್ವಲ್ಪ ಮೊದಲು ನುಂಗಬೇಕಾದ ಒಂದು ಮಾತ್ರೆಯನ್ನು ಡಾಕ್ಟರು ಕೊಟ್ಟರು. ಅದನ್ನು ಅವಳು ಒಂದು ದಿನವೂ ತಪ್ಪಿಸಿದವಳಲ್ಲ. ಮಧ್ಯಾಹ್ನ ಮಸೀದಿಯ ಬಾಂಗು ದೂರದಿಂದ ಕೇಳಿಸಿತೋ, ಸೆರಗಿನಲ್ಲಿ ಕೈ ಒರೆಸಿಕೊಂಡು, ಮೇಲಿನ ಹಲಗೆಯಿಂದ ಮಾತ್ರೆ ತೆಗೆದು, ದೇವರ ತೀರ್ಥ ತೆಗೆದುಕೊಳ್ಳುವ ಭಕ್ತಿಯಲ್ಲಿ ನುಂಗುತ್ತಾಳೆ. ತಪ್ಪಿಹೋಗುತ್ತಿದ್ದುದು ಆಮೇಲಿನದ್ದು.

ಯಾಕೆಂದರೆ ನಮ್ಮ ಮನೆಯಲ್ಲಿ ನೆಂಟರಿದ್ದಾಗ ಊಟ ಪಂಕ್ತಿಯಿಂದ ಪಂಕ್ತಿಗೆ ನಡೆಯುತ್ತದೆ. ಮೊದಲು ಮಕ್ಕಳು, ಆಮೇಲೆ ಗಂಡಸರು, ಆಮೇಲೆ ಬಂದ ಹೆಂಗಸರು. ಇಸವಾಣ ಮೀನಿನ ತುಂಡುಗಳು ಬಾಣಲೆಯಿಂದ ನೇರ ತಟ್ಟೆಗೆ ಬೀಳಬೇಕು, ಸಿಗಡಿ ಆರಬಾರದು, ಕೋಕಂ ಕಡಿಯ ಲೋಟ ಬರಿದಾಗಬಾರದು. ಎಲ್ಲರೂ ಎದ್ದು, ಜಗಲಿಯಲ್ಲಿ ಚಾಪೆ ಹಾಸಿ ಅಡ್ಡಾದ ಮೇಲೆ, ಬಾಣಲೆ ತೊಳೆದು, ನೆಲ ಒರೆಸಿ, ಆಯಿ ಕೂರುತ್ತಾಳೆ. ಅಷ್ಟರಲ್ಲಿ ಬಿಸಿಲು ಹಿತ್ತಿಲ ಬಾವಿಯ ಕಟ್ಟೆಯಿಂದ ಇಳಿದಿರುತ್ತದೆ. ಅವಳ ತಟ್ಟೆಯಲ್ಲಿ ಇರುವುದು ಪಾತ್ರೆಯ ತಳದ ಅನ್ನ, ಸಾರಿನಲ್ಲಿ ಉಳಿದ ಬಂಗಡೆಯ ತಲೆ. ‘ವೈನೀ, ನೀವೂ ಕೂತ್ಕಳ್ರೇ’ ಎಂದು ಅತ್ತೆ ತನ್ನ ಅತ್ತಿಗೆಯನ್ನು ಪ್ರತಿ ಪಂಕ್ತಿಗೂ ಕೂಗುತ್ತಾಳೆ; ‘ಆಯ್ತು ಆಯ್ತು, ನೀ ಉಣ್ಣು’ ಎಂದು ಆಯಿ ಪ್ರತಿ ಪಂಕ್ತಿಗೂ ಹೇಳುತ್ತಾಳೆ. ಗಮನಿಸಿ ನೋಡಿ, ಕೂತ್ಕಳ್ರೇ ಎನ್ನುವುದು ನಮ್ಮಲ್ಲಿ ಕರೆಯಲ್ಲ, ಮರ್ಯಾದೆ. ಅದನ್ನು ಹೇಳಿದವರು ಉತ್ತರಕ್ಕೆ ಕಾಯುವುದಿಲ್ಲ. ಕೇಳಿಸಿಕೊಂಡವರು ಅದನ್ನು ನಿಜವೆಂದು ತಿಳಿಯುವುದಿಲ್ಲ. ಇಬ್ಬರಲ್ಲಿ ಒಬ್ಬರಿಗೂ ಕಪಟವಿಲ್ಲ. ಆದರೆ ಹೊತ್ತಿಗೆ ಸರಿಯಾಗಿ ನುಂಗಿದ ಆ ಮಾತ್ರೆಗೆ ಮಾತ್ರ ಮರ್ಯಾದೆಯ ಮಾತು ತಿಳಿಯುವುದಿಲ್ಲ. ಅದು ಒಳಗಿಳಿದು ತನ್ನ ಕೆಲಸ ಶುರುಮಾಡುತ್ತದೆ. ಊಟ ಬರುತ್ತದೆಂದು ನಂಬಿ, ಇದ್ದ ಸಕ್ಕರೆಯನ್ನೂ ಖರ್ಚು ಮಾಡುತ್ತ ಹೋಗುತ್ತದೆ.

ಹೋದ ವರ್ಷದ ರಜೆಯಲ್ಲಿ ಅದು ನಡೆಯಿತು. ಹೆಂಗಸರ ಪಂಕ್ತಿ ಕೂತಿತ್ತು. ನಾನು ಅನ್ನದ ಪಾತ್ರೆ ತರಲೆಂದು ಒಳಗೆ ಹೋದಾಗ ಆಯಿ ಒಲೆಯ ಮುಂದೆ ಸಟ್ಟುಗ ಹಿಡಿದು ನಿಂತಿದ್ದಳು. ಬಾಣಲೆಯಲ್ಲಿ ಮೀನು ಕರಿಯಾಗಿ ಹೊಗೆಯೇಳುತ್ತಿತ್ತು. ಅವಳು ಅದನ್ನೇ ನೋಡುತ್ತಿದ್ದಳು, ಮಗುಚುತ್ತಿರಲಿಲ್ಲ. ಹಣೆಯಿಂದ ಬೆವರು ನೀರಾಗಿ ಇಳಿಯುತ್ತಿತ್ತು. ಆಯೀ ಎಂದೆ. ಅವಳು ನನ್ನ ಕಡೆ ತಿರುಗಿ, ದಾರಿಯಲ್ಲಿ ಸಿಕ್ಕ ಹುಡುಗಿಯನ್ನು ವಿಚಾರಿಸುವಷ್ಟೇ ಸೌಮ್ಯವಾಗಿ ಕೇಳಿದಳು:

‘ನೀ ಯಾರ ಮನಿ ಮಗಳೇ?’

ಓದುಗರೇ, ಆ ಪ್ರಶ್ನೆಯನ್ನು ನಾನು ಇಲ್ಲಿ ಬರೆದಿದ್ದೇನೆಯೇ ಹೊರತು ಅದರ ಬಗ್ಗೆ ಇನ್ನೇನೂ ಹೇಳಲಾರೆ. ನನ್ನ ಕೈ ತನ್ನಷ್ಟಕ್ಕೆ ಒಲೆ ಆರಿಸಿತು, ಅವಳನ್ನು ಗೋಡೆಗೆ ಒರಗಿಸಿ ಕೂರಿಸಿತು, ಲೋಟದ ನೀರಿಗೆ ಸಕ್ಕರೆ ಕಲಸಿ ಗುಟುಕು ಗುಟುಕಾಗಿ ಕುಡಿಸಿತು. ಹೊರಗೆ ಅತ್ತೆ ಏನೋ ಹೇಳಿ ಎಲ್ಲರೂ ನಗುತ್ತಿದ್ದರು. ಆ ನಗು ಅಲೆಯಂತೆ ಬಂದು ಅಡುಗೆಮನೆಯ ಹೊಸ್ತಿಲಿನ ತನಕ ಮುಟ್ಟಿ ಹಿಂದೆ ಹೋಗುತ್ತಿತ್ತು. ಸ್ವಲ್ಪ ಹೊತ್ತಿಗೆ ಆಯಿಯ ಕಣ್ಣಿಗೆ ಆಯಿ ಮರಳಿ ಬಂದಳು. ಬಂದವಳು ಮೊದಲು ಕೇಳಿದ್ದು, ‘ಮೀನು ಸೀದೋಯ್ತಾ?’. ಎರಡನೆಯದಾಗಿ ಹೇಳಿದ್ದು, ‘ಹೊರಗೆ ಯಾರಿಗೂ ಹೇಳ್ಬೇಡ ಮಗಾ. ನನ್ ಜೀವಕ್ಕೆ ಸುಖ ಇಲ್ಲ ಅಂತ ಗೊತ್ತಾದ್ರೆ ಮುಂದಿನ್ ವರ್ಷ ಅವ್ರು ಬರೂದಿಲ್ಲ’. ಒಲೆಯ ಬಿಸಿಗೆ ತಲೆ ತಿರುಗಿತು ಎಂಬ ಮಾತು ಜಗಲಿಗೆ ಹೋಯಿತು. ಜಗಲಿ ಅದನ್ನು ನಂಬಿತು.

ಆಮೇಲೆ ನಾನು ಅವಳನ್ನು ಕಾರವಾರದ ಡಾಕ್ಟರಲ್ಲಿಗೆ ಕರೆದುಕೊಂಡು ಹೋದೆ. ಮಾತ್ರೆ ನುಂಗಿದ ಮೇಲೆ ಊಟ ತಡವಾಗಲೇಬಾರದು ಎಂದು ಅವರು ಬಿಡಿಸಿ ಹೇಳಿದರು. ಮುಂದಿನ ಸಲ ಹೀಗಾದಾಗ ಅವಳು ಬಾವಿಕಟ್ಟೆಯಲ್ಲಿ ಒಬ್ಬಳೇ ಇರಬಹುದು, ಕಾದ ಎಣ್ಣೆಯ ಮುಂದೆ ಇರಬಹುದು, ಪಕ್ಕದಲ್ಲಿ ಸಕ್ಕರೆ ಕಲಸುವ ಕೈ ಇರದೇ ಹೋಗಬಹುದು ಎಂದೂ ಹೇಳಿದರು. ಆಯಿ ತಲೆಯಾಡಿಸಿದಳು. ವರ್ಷವಿಡೀ, ನೆಂಟರಿಲ್ಲದ ದಿನಗಳಲ್ಲಿ, ಹೊತ್ತಿಗೆ ಸರಿಯಾಗಿ ಉಂಡಳು ಕೂಡ. ಆದರೆ ಈ ಡಿಸೆಂಬರು ಬಂತು, ರೈಲು ಬಂತು, ಸುಮತಿ ಅತ್ತೆ ಬಂದಳು, ಪಂಕ್ತಿ ಬಂತು.

ನಾನು ಸುಮ್ಮನೆ ಕೂತವಳಲ್ಲ. ಅಡುಗೆಮನೆಯ ಬಾಗಿಲ ಹಿಂದೆ ತಟ್ಟೆ ಇಟ್ಟು, ಯಾರಿಗೂ ಕಾಣದ ಹಾಗೆ ನಾಲ್ಕು ತುತ್ತು ಉಣ್ಣು ಎಂದೆ. ‘ನನ್ನ ಮನೇಲಿ ನಾ ಕಳ್ಳರಂಗೆ ಉಣ್ಲಾ?’ ಎಂದಳು. ಬಾಳೆಹಣ್ಣು ಕೊಟ್ಟೆ, ಅದು ಮಕ್ಕಳ ಕೈಗೆ ಹೋಯಿತು. ಅವಳ ಫೋನಿಗೆ ಊಟದ ಹೊತ್ತಿಗೆ ಗಂಟೆ ಹೊಡೆಯುವಂತೆ ಇಟ್ಟೆ. ಅದು ಹೊಡೆದಾಗ ಅವಳು ಕಿವಿಗೆ ಹಿಡಿದು ಹಲೋ ಹಲೋ ಎಂದು, ‘ಯಾರೋ ಏನೋ, ಮಾತೇ ಆಡ್ಲಿಲ್ಲ’ ಎಂದು ಕೆಳಗಿಟ್ಟಳು. ಅಪ್ಪನಿಗೆ ಹೇಳಿದರೆ, ‘ಹೇಳಿದ್ರೆ ಕೇಳ್ತದಾ ಅದು? ಬಂದವ್ರು ಹಸ್ಕಂಡಿರೂವಾಗ ತಾ ಉಣ್ಣೂದು ಅಂದ್ರೆ ಅದ್ಕೆ ಪಾಪ ಮಾಡ್ದಂಗೆ’ ಎಂದು ಬಲೆಯ ಹರಿದ ಕಣ್ಣನ್ನು ಹುಡುಕತೊಡಗಿದ. ನೆಂಟರು ಬಂದ ಮೊದಲ ಮಧ್ಯಾಹ್ನವೇ, ಮಾವನಿಗೆ ಸಾರು ಬಡಿಸುವ ಅವಳ ಕೈಯಲ್ಲಿ ಸೌಟು ತಟ್ಟೆಯ ಅಂಚಿಗೆ ತಾಗಿ ಟಕಟಕ ಸದ್ದು ಮಾಡಿತು. ಆ ಸದ್ದು ಕೇಳಿಸಿದ್ದು ನನಗೊಬ್ಬಳಿಗೇ. ಒಂದು ತುಂಡು ಬೆಲ್ಲವನ್ನು ಬಲವಂತವಾಗಿ ಅವಳ ಬಾಯಿಗಿಟ್ಟು, ಸೌಟು ನಾನು ತೆಗೆದುಕೊಂಡೆ.

ಯಾರಿಗೂ ಹೇಳಬೇಡ ಎಂಬ ಮಾತನ್ನು ಮೀರುವುದು ನನಗೆ ಸುಲಭವಲ್ಲ. ಒಬ್ಬರ ಮೈಯ ವಿಷಯ ಅವರದೇ ಆಸ್ತಿ ಎಂದು ನಂಬಿದವಳು ನಾನು. ನನ್ನ ತಲೆನೋವನ್ನೂ ನಾನು ಇನ್ನೊಬ್ಬರ ಮುಂದೆ ಇಡುವುದಿಲ್ಲ. ಆದರೆ ಮರುದಿನ ಬೆಳಿಗ್ಗೆ ದಂಡೆಯಲ್ಲಿ ನಡೆಯುತ್ತಿದ್ದಾಗ, ಆಯಿ ಮುಚ್ಚಿಟ್ಟದ್ದು ಕಾಯಿಲೆಯನ್ನಲ್ಲ, ಹಸಿವನ್ನು ಎಂದು ನನಗೆ ಹೊಳೆಯಿತು. ಗುಟ್ಟನ್ನು ಕಾಯಬಹುದು, ಹಸಿವನ್ನು ಕಾಯುತ್ತ ಕೂರುವುದು ಬೇರೆಯೇ ಮಾತು. ಅಷ್ಟರಲ್ಲಿ ಹಿಂದಿನಿಂದ, ಶಾಲನ್ನು ತಲೆಯ ಮೇಲೆ ಹೊದ್ದು, ಚಪ್ಪಲಿ ಕೈಯಲ್ಲಿ ಹಿಡಿದು, ಮರಳಿನಲ್ಲಿ ಏದುಸಿರು ಬಿಡುತ್ತ ಸುಮತಿ ಅತ್ತೆ ಬಂದಳು. ನಮ್ಮ ಕಡೆ ಕಲಿಸುವ ಹೆಂಗಸನ್ನು ಅಕ್ಕೋರು ಎನ್ನುತ್ತಾರೆ. ಅತ್ತೆ ನನ್ನನ್ನು ಕೆಣಕುವುದು ಅದೇ ಹೆಸರಿನಿಂದ.

‘ಅಕ್ಕೋರೇ, ರಜೆಲೂ ಮುಖಾನ ಪರೀಕ್ಷೆ ಕೋಣೆ ಹಂಗೇ ಇಟ್ಕಂಡಿರಲ್ರೇ! ನಮಗೆ ಬೇಡ, ಸಮುದ್ರಕ್ಕಾದ್ರೂ ಒಂಚೂರು ನಗಾಡಿ ತೋರ್ಸಿ.’

ನಾನು ನಗಲಿಲ್ಲ. ಹೇಳಿದೆ. ಕೆಲವೇ ವಾಕ್ಯಗಳಲ್ಲಿ, ಕ್ರಮವಾಗಿ: ಮಾತ್ರೆ, ಪಂಕ್ತಿ, ಹೋದ ವರ್ಷದ ಬಾಣಲೆ, ಆಯಿ ಕೇಳಿದ ಪ್ರಶ್ನೆ, ನಿನ್ನೆಯ ಸೌಟು. ಅತ್ತೆ ಒಂದು ದೋಣಿಯ ಅಂಚಿನ ಮೇಲೆ ಕೂತುಬಿಟ್ಟಳು.

‘ಒಂದ್ ವರ್ಷ! ತಾಯಿ ಮಗಳು ಇಬ್ರೂ ಬಾಯಿಗೆ ಬೀಗ ಹಾಕ್ಕಂಡಿದ್ರಿ, ಅಲ್ದಾ?’ ಎಂದಳು ಕೊನೆಗೆ. ‘ನಾ ಅಷ್ಟ್ ದೂರದಿಂದ ಬರೂದು ನಿಮ್ಮನೆ ಮೀನು ತಿನ್ನೂಕೆ ಅಂದ್ಕಂಡ್ಯನೇ? ಮುಂಬೈಲಿ ಮೀನಿಗೆ ಬರಗಾಲ ಬಂದದ್ಯಾ? ನಾ ಬರೂದು ವೈನಿ ಮುಖ ನೋಡೂಕೆ. ನನ್ ಮದುವೇಲಿ ನನ್ ತಲೆ ಬಾಚಿ ಹೂ ಮುಡ್ಸಿದ್ದು ಅವ್ಳು. ಅವ್ಳ ಹೊಟ್ಟೆ ಖಾಲಿ ಇಟ್ಟು ನಾ ತುಂಬ್ಸ್ಕಂಡಿ ಹೋಗ್ತಾ ಇದ್ದೆ ಅಂತಾತು.’

ಅವಳು ಶಾಲಿನ ಅಂಚಿನಿಂದ ಕಣ್ಣು ಒರೆಸಿಕೊಂಡು, ತಕ್ಷಣವೇ ಮತ್ತೆ ಸುಮತಿ ಅತ್ತೆಯಾದಳು. ‘ಆಯ್ತು. ನಂಗೆ ಗೊತ್ತಾಯ್ತು ಅಂತ ಅವ್ಳಿಗೆ ಗೊತ್ತಾಗೂದು ಬೇಡ. ಬೈದ್ರೆ ಕೇಳೂ ಜಾತಿ ಅಲ್ಲ ಅದು. ಏನಾರೂ ಉಪಾಯ ಮಾಡ್ವ. ನೀ ಓದ್ದವ್ಳು, ಯೋಚ್ನೆ ಮಾಡು. ನಾ ಗಲಾಟೆ ಮಾಡ್ತೆ.’

ಕೆಲಸವನ್ನು ಹೀಗೆ ಹಂಚಿಕೊಡುವ ಜನರ ನಡುವೆ ಹುಟ್ಟಿದ್ದಕ್ಕೆ ನಾನು ಆ ಬೆಳಿಗ್ಗೆ ಮನಸ್ಸಿನಲ್ಲೇ ವಂದಿಸಿದೆ. ಅಲ್ಲಿಯವರೆಗೆ ರಜೆಯ ನೆಂಟರೆಂದರೆ ಆಯಿಯ ಆರೋಗ್ಯದ ಎದುರು ಪಕ್ಷ ಎಂದೇ ನನ್ನ ಲೆಕ್ಕವಾಗಿತ್ತು. ಆ ಪಕ್ಷದ ನಾಯಕಿ ದೋಣಿಯ ಅಂಚಿನಿಂದ ಎದ್ದು, ಸೀರೆಯ ಮರಳು ಕೊಡವಿ, ನನ್ನ ಕೈ ಹಿಡಿದುಕೊಂಡು ಮನೆಯ ಕಡೆ ನಡೆದಳು.

ಉಪಾಯ ನನಗೆ ಹೊಳೆದದ್ದು ಹಿತ್ತಿಲ ಜಗಲಿಯಲ್ಲಿ ಎಲ್ಲರೂ ಸುತ್ತ ಕೂತು ಸಿಗಡಿ ಸುಲಿಯುತ್ತಿದ್ದಾಗ. ಆಯಿಯ ಅಪ್ಪ, ಅಂದರೆ ನನ್ನ ಅಜ್ಜ, ತಾಂಡೇಲನಾಗಿದ್ದವನು. ದೋಣಿಯ ಯಜಮಾನಿಕೆ ಅವನದು, ಅವನು ಹೇಳಿದ ಕಡೆ ಬಲೆ ಬೀಳಬೇಕು. ಹಲವು ರಾತ್ರಿ ಕಡಲಿನಲ್ಲೇ ಉಳಿಯುತ್ತಿದ್ದ ಆ ಕಾಲದ ದೋಣಿಗಳಲ್ಲಿ ಒಬ್ಬ ಅನ್ನ ಬೇಯಿಸುವವನೂ ಇರುತ್ತಿದ್ದ. ಆ ಕತೆಯನ್ನು ಆಯಿ ನನಗೆ ಚಿಕ್ಕಂದಿನಲ್ಲಿ ಎಷ್ಟೋ ಸಲ ಹೇಳಿದ್ದಳು. ಕೈಯಲ್ಲಿದ್ದ ಸಿಗಡಿಯಿಂದ ಕಣ್ಣೆತ್ತದೆ ನಾನು ಕೇಳಿದೆ: ‘ಆಯೀ, ಅಜ್ಜನ ದೋಣಿಲಿ ಅಡುಗೆ ಯಾರು ಮಾಡ್ತಿದ್ರು?’

ಆಯಿಯ ಮುಖ ಅರಳಿತು. ಅಪ್ಪನ ಸುದ್ದಿ ಬಂದರೆ ಅವಳು ಹುಡುಗಿಯಾಗುತ್ತಾಳೆ. ಮರಳು ತುಂಬಿದ ಪೆಟ್ಟಿಗೆಯ ಮೇಲೆ ಮಣ್ಣಿನ ಒಲೆ ಹೂಡುತ್ತಿದ್ದುದು, ಗಾಳಿ ಎದ್ದರೆ ಅನ್ನದ ಗಡಿಗೆಯನ್ನು ಅಡುಗೆಯವನು ಮಗುವಿನ ಹಾಗೆ ತಬ್ಬಿ ಕೂರುತ್ತಿದ್ದುದು, ಎಲ್ಲ ಹೇಳಿದಳು. ‘ಅನ್ನ ಬೆಂದ ಕೂಡ್ಲೇ ಮೊದ್ಲು ಅಡುಗೆಯವ ಉಣ್ಬೇಕು. ಅವ ಉಂಡಾದ್ಮೇಲೆ ಉಳಿದವ್ರು. ನನ್ನಪ್ಪಂದು ಅದೊಂದು ಕಾಯ್ದೆ.’

‘ಅದೆಂತಕ್ಕೆ ವೈನಿ?’ ಅತ್ತೆಯ ಕೈ ನಿಂತಿತ್ತು.

‘ಎಂತಕ್ಕೆ ಅಂದ್ರೆ? ಎಲ್ರಿಗೂ ಬಡ್ಸಿ ತಾ ಕೂತ್ಕಳೂ ಹೊತ್ತಿಗೆ ಮೀನು ಬಂತು ಅಂತ ಕೂಗಿದ್ರೆ ಅವ ಹಸ್ದ ಹೊಟ್ಟೇಲೇ ಹಗ್ಗ ಹಿಡೀಬೇಕು. ಹಸ್ದವ್ನ ಕೈಗೆ ಹಗ್ಗ ಕೊಡ್ಬಾರ್ದು ಅಂತಿದ್ದ ನನ್ನಪ್ಪ. ಅವ ಬಿದ್ರೆ ಒಬ್ನೇ ಬೀಳೂದಿಲ್ಲ.’

‘ಹಂಗಾರೆ ತಾಂಡೇಲನೂ ಕಾಯ್ತಿದ್ನಾ?’

‘ತಾಂಡೇಲ ಅಲ್ಲ, ಅವ್ರಪ್ಪ ಬಂದ್ರೂ ತಟ್ಟೆ ಮುಟ್ಟೂ ಹಂಗಿರ್ಲಿಲ್ಲ!’ ಎಂದಳು ಆಯಿ, ಹೆಮ್ಮೆಯಿಂದ.

‘ಚೊಲೋ ಆಯ್ತು’ ಎಂದಳು ಸುಮತಿ ಅತ್ತೆ, ಮತ್ತು ನನ್ನ ಕಡೆ ನೋಡದೆ ಸಿಗಡಿ ಸುಲಿಯತೊಡಗಿದಳು.

ಮಧ್ಯಾಹ್ನ ಬಾಂಗು ಕೇಳಿಸಿ, ಆಯಿ ಮಾತ್ರೆ ನುಂಗಿ, ಸ್ವಲ್ಪ ಹೊತ್ತಿಗೆ ಪಂಕ್ತಿ ಹಾಕಿದಳು. ಅಂದು ಮಕ್ಕಳ ಪಂಕ್ತಿ, ಗಂಡಸರ ಪಂಕ್ತಿ ಎಂಬ ಭೇದವಿಲ್ಲದೆ, ಅತ್ತೆ ಮೊದಲೇ ಕಿವಿಯಲ್ಲಿ ಹೇಳಿಟ್ಟಂತೆ, ಎಲ್ಲರೂ ಒಟ್ಟಿಗೇ ಬಂದು ಕೂತದ್ದು ಅವಳಿಗೆ ಮೊದಲ ಆಶ್ಚರ್ಯ. ಅನ್ನ ಬಡಿಸಿದಳು, ನಾಲಿಗೆ ಜುಮ್ಮೆನ್ನಿಸುವ ಜುಮ್ಮನಕಾಯಿ ಹಾಕಿದ ಬಂಗಡೆ ಸಾರು ಬಡಿಸಿದಳು. ಒಬ್ಬರೂ ತಟ್ಟೆ ಮುಟ್ಟಲಿಲ್ಲ. ಇದು ಎರಡನೆಯದು.

‘ಎಂತಾ ಆಯ್ತು? ಉಣ್ರೋ!’

‘ತಾಂಡೇಲನ ಕಾಯ್ದೆ’ ಎಂದಳು ಅತ್ತೆ, ಎರಡೂ ಕೈ ಮಡಿಲಲ್ಲಿಟ್ಟು. ‘ಅಡುಗೆಯವ್ಳು ಉಂಡಾದ್ಮೇಲೆ ನಾವು.’

ಆಯಿ ನಕ್ಕಳು, ನಗು ಯಾರಲ್ಲೂ ಪ್ರತಿಧ್ವನಿಸದಿದ್ದಾಗ ಸಿಟ್ಟಾದಳು. ‘ಇದೆಂತಾ ನಾಟಕ ಸುಮತಿ? ಅದು ದೋಣಿ, ಇದು ಮನೆ.’

‘ಮನೆಲಿ ಬಿದ್ರೆ ಪೆಟ್ಟಾಗೂದಿಲ್ವಾ?’ ಎಂದುಬಿಟ್ಟಳು ಅತ್ತೆ. ಕ್ಷಣ ಹೊತ್ತು ಆಯಿ ನನ್ನನ್ನು ನೋಡಿದಳು. ನಾನು ನನ್ನ ತಟ್ಟೆಯನ್ನು ನೋಡಿದೆ. ಮಾವ ನಡುವೆ ಬಂದರು: ‘ವೈನಿ, ನಿಮ್ಮಿಬ್ರ ಜಗಳ ಸಂಜಿಗೆ ಇಟ್ಕಳ್ಳಿ. ನನ್ ಹೊಟ್ಟೇಲಿ ಇಲಿ ಓಡ್ತಾ ಇದೆ. ಬೇಗ ಉಣ್ರೇ, ಪುಣ್ಯ ಬತ್ತದೆ.’ ಆಯಿ ಕೊನೆಯ ಆಸರೆಯೆಂದು ಅಪ್ಪನ ಕಡೆ ತಿರುಗಿದಳು. ಮೂವತ್ತಕ್ಕೂ ಹೆಚ್ಚು ವರ್ಷ ಬಡಿಸಿದ್ದನ್ನು ತಲೆಯೆತ್ತದೆ ಉಂಡ ಮನುಷ್ಯ ತನ್ನ ತಟ್ಟೆಯನ್ನು ಮೆಲ್ಲಗೆ ಮುಂದಕ್ಕೆ ದೂಡಿದ.

‘ನೀ ತಾಂಡೇಲನ ಮಗಳು. ನಾ ಬರೀ ಹಗ್ಗ ಹಿಡ್ಯೂ ಖಲಾಸಿ. ನಾ ಹೆಂಗೆ ಮೊದ್ಲು ಉಣ್ಲೇ?’

ಇಲ್ಲಿ ನೀವು ನಮ್ಮ ಆಯಿಯಂಥವರ ಸಂಕಟವನ್ನು ಅರಿಯಬೇಕು. ತನಗಾಗಿ ಉಣ್ಣು ಎಂದರೆ ಅವಳು ಸಂಜೆಯವರೆಗೂ ಉಣ್ಣಳು. ಆದರೆ ಅವಳು ಉಣ್ಣದ ಪ್ರತಿಯೊಂದು ನಿಮಿಷವೂ ನೆಂಟರು ಹಸಿದಿರುವ ನಿಮಿಷವಾಗಿಬಿಟ್ಟಿತ್ತು. ಯಾವ ಧರ್ಮ ಅವಳನ್ನು ಇಷ್ಟು ವರ್ಷ ಒಲೆಯ ಮುಂದೆ ನಿಲ್ಲಿಸಿತ್ತೋ ಅದೇ ಧರ್ಮ ಈಗ ಕೈಹಿಡಿದು ತಟ್ಟೆಯ ಮುಂದೆ ಕೂರಿಸಿತು. ಸೋತವಳ ಹಾಗೆ ಅನ್ನ ಹಾಕಿಕೊಂಡಳು. ಕಲಸಿದಳು. ಒಂದು ತುತ್ತು ಎತ್ತಿದಳು. ಇಡೀ ಪಂಕ್ತಿ ಉಸಿರು ಹಿಡಿದು ಆ ತುತ್ತನ್ನೇ ನೋಡುತ್ತಿತ್ತು. ಮಕ್ಕಳಂತೂ ಬಾಯಿ ತೆರೆದುಕೊಂಡಿದ್ದರು. ತುತ್ತು ಅರ್ಧ ದಾರಿಗೆ ನಿಂತಿತು, ಮತ್ತೆ ತಟ್ಟೆಗೆ ಇಳಿಯಿತು.

‘ಎಲ್ರೂ ಬಾಯಿ ನೋಡ್ತಾ ಕೂತ್ರೆ ಗಂಟ್ಲಲ್ಲಿ ಇಳೂದು ಹೆಂಗೆ?’ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವಿತ್ತು. ಕಣ್ಣಂಚು ಕೆಂಪಾಗಿತ್ತು. ಇನ್ನೊಂದು ಗಳಿಗೆ ಹೀಗೇ ಇದ್ದರೆ ಅವಳು ಎದ್ದು ಒಳಗೆ ಹೋಗುತ್ತಾಳೆ, ಮಾಡಿದ ಉಪಾಯವೆಲ್ಲ ನೀರಾಗುತ್ತದೆ, ಒಳಗಿಳಿದ ಮಾತ್ರೆ ಮಾತ್ರ ತನ್ನ ಕೆಲಸ ಮಾಡುತ್ತಲೇ ಇರುತ್ತದೆ ಎಂದು ನನಗೆ ಸ್ಪಷ್ಟವಾಗಿ ಕಂಡಿತು.

ಅವಳ ಆ ಸಂಕೋಚ ನನಗೆ ಹೊಸದಲ್ಲ. ನನ್ನ ಸ್ವಭಾವದ ಮೂಲ ಎಲ್ಲಿದೆ ಎಂದು ಆ ಹೊತ್ತು ತಿಳಿಯಿತು. ಪ್ರೀತಿಯ ಕಣ್ಣುಗಳೂ ಕಣ್ಣುಗಳೇ, ಅವಕ್ಕೂ ಭಾರವಿದೆ. ನಾನು ಎದ್ದು ಹೊರಗಿನ ಜಗಲಿಗೆ ಹೋಗಿ, ಮನೆಗೆ ಬೆನ್ನು ಹಾಕಿ, ಕಡಲಿಗೆ ಮುಖ ಮಾಡಿ ಕೂತೆ. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಅಪ್ಪ ಬಂದು ಕೂತ. ಆಮೇಲೆ ಮಾವ. ಆಮೇಲೆ ಅತ್ತೆ, ಮಕ್ಕಳ ಕತ್ತನ್ನು ಒಂದೊಂದಾಗಿ ಕಡಲಿನ ಕಡೆಗೆ ತಿರುಗಿಸುತ್ತ. ‘ಹಿಂದೆ ತಿರ್ಗಿದವ್ರಿಗೆ ಸಿಗಡಿ ಇಲ್ಲ’ ಎಂದು ಪಿಸುಗುಟ್ಟಿದಳು. ಬಿಸಿ ಅನ್ನದ ತಟ್ಟೆಗಳನ್ನು ಒಳಗೆ ಬಿಟ್ಟು, ಹಸಿದ ಜನರ ಒಂದು ಸಾಲು, ಯಾರೋ ದೊಡ್ಡ ಮೀನಿನ ದೋಣಿ ಬರುವುದನ್ನು ಕಾಯುವವರ ಹಾಗೆ, ಬರಿಯ ನೀರನ್ನು ನೋಡುತ್ತ ಕೂತಿತು.

ಒಳಗೆ ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಬಳೆಯ ಸದ್ದು, ಒಂದು ಸಲ. ಮತ್ತೆ ಮೌನ. ಮತ್ತೆ ಬಳೆ, ಈ ಸಲ ಒಂದರ ಹಿಂದೊಂದು, ತಾಳ ಹಿಡಿದಂತೆ. ಅತ್ತೆ ನನ್ನ ತೊಡೆಯನ್ನು ಚಿವುಟಿದಳು. ಮಾವನ ಹೊಟ್ಟೆ ಗುರ್ರೆಂದಿತು, ಮಕ್ಕಳು ನಗು ತಡೆಯಲು ಬಾಯಿ ಮುಚ್ಚಿಕೊಂಡು ಕುಲುಕಿದರು, ಅಪ್ಪ ಗಂಭೀರವಾಗಿ ಗಾಳಿಯ ದಿಕ್ಕು ನೋಡುತ್ತಿದ್ದ. ನಾನು ಆ ಬೆನ್ನುಗಳ ಸಾಲನ್ನು ಓರೆಗಣ್ಣಿನಿಂದ ನೋಡಿದೆ. ಜೀವನದಲ್ಲಿ ನನಗೆ ಮುಖ ಕೊಟ್ಟು ಮಾತಾಡಿದ ಅನೇಕರಿಗೆ ನಾನು ಕೃತಜ್ಞಳಾಗಿದ್ದೇನೆ. ಬೆನ್ನು ತಿರುಗಿಸಿ ಕೂತವರಿಗೆ ಇಷ್ಟು ಕೃತಜ್ಞಳಾದದ್ದು ಅದೇ ಮೊದಲು.

ತಂಬಿಗೆ ನೆಲಕ್ಕೆ ತಾಗಿದ ಸದ್ದಾಯಿತು. ಕೈತೊಳೆದ ನೀರು ಹಿತ್ತಿಲಿಗೆ ಚೆಲ್ಲಿದ ಸದ್ದಾಯಿತು. ಆಮೇಲೆ ಬಾಗಿಲಿನಿಂದ ಆಯಿಯ ದನಿ ಬಂತು, ಮೀನು ಮಾರುವಾಗಿನ ತುಂಬಿದ ದನಿ:

‘ಬರ್ರೇ, ಎಲ್ರೂ ಬರ್ರೇ! ಸಾರು ಬಿಸಿ ಇದ್ದಾಗ್ಲೇ ಉಣ್ಣಿ. ಆರಿದ್ಮೇಲೆ ಇದ್ರಲ್ಲಿ ಎಂತಾ ರುಚಿನೂ ಇಲ್ಲ, ನನ್ನ ಕೇಳಿ!’